ಕರೇಜ್ ಆಟಕ್ಕ ನಮ್ಮದೇ ಎಂಜಿನ್ ಇಟ್ಕೋಬೇಕಾ, ಗೋಡೋಗಿ ಹೋಗಬೇಕಾ? ಅನುಭವ ಇದ್ದವ್ರು ಹೇಳ್ರಿ

ನೌಬಾದ್_ನೀರು (ಬೀದರ್)

ಎಲ್ಲರಿಗೂ ಶರಣು.

ನಾವು ನಾಲ್ಕು ಮಂದಿ ಸೇರಿ ಬೀದರ್‌ನಾಗ ಒಂದು ವಿಡಿಯೋ ಗೇಮ್ ಮಾಡ್ಲತ್ತೀವಿ. ಕಥಿ ನಡೆಯೋದು ನೌಬಾದ್ ಕರೇಜ್ ಒಳಗ. ಗೊತ್ತಿಲ್ಲದವ್ರಿಗಿ ಹೇಳ್ತೀನಿ: ಬಹಮನಿ ಕಾಲದಾಗ, 15ನೇ ಶತಮಾನದಾಗ, ಪರ್ಷಿಯಾ ಕಡಿಂದ ಬಂದ ವಿದ್ಯಾದಿಂದ ಕಡದ ನೆಲದೊಳಗಿನ ಕಾಲುವಿ ಅದು. ಮ್ಯಾಲಿಂದ ಸಾಲಾಗಿ ಬಾವಿ ಇಳದಾವ, ಕೆಳಗ ಸುರಂಗದಾಗ ನೀರು ಇಳಿಜಾರು ಹಿಡಿದು ತಾನೇ ಹರೀತದ. ಬೀದರ್ ನೆಲದ ಮ್ಯಾಲಿನ ಪದರ ಜಂಬಿಟ್ಟಿಗೆ, ಮಳಿ ನೀರು ಅದರಾಗ ಇಂಗ್ತದ. ಕೆಳಗ ಕಪ್ಪು ಬಸಾಲ್ಟ್ ಕಲ್ಲು, ಅಲ್ಲಿಗಿ ಬಂದು ನಿಲ್ತದ. ಎರಡರ ನಡುವಿನ ಆ ಗೆರಿ ಹಿಡಿದೇ ಹಳಬರು ಸುರಂಗ ಕಡದಾರ. ನಮ್ಮ ಆಟದಾಗ ಹೂಳು ತಗಿಯೋ ಹುಡುಗಿ ಒಬ್ಬಾಕಿ ಇದ್ದಾಳ. ಎಲ್ಲಿ ಅಗೀಬೇಕು, ಎಲ್ಲಿ ಕಟ್ಟಿ ಹಾಕಬೇಕು ಅನ್ನೋದೇ ಆಟ. ಅಗದ್ರ ನೀರು ಖರೇನೇ ಹರೀಬೇಕು, ಜಂಬಿಟ್ಟಿಗ್ಯಾಗ ಖರೇನೇ ಇಂಗಬೇಕು.

ಎಂಜಿನ್, ಅಂದ್ರ ಆಟ ಓಡಿಸೋ ಬುನಾದಿ ತಂತ್ರಾಂಶ, ನಾವೇ ಬರದೀವಿ. ಸಿ ಪ್ಲಸ್ ಪ್ಲಸ್ ಭಾಷಾದಾಗ, ಕೆಳಗ ಪರದೆ, ಟಚ್ ನೋಡ್ಕೊಳ್ಳೋ ಎಸ್‌ಡಿಎಲ್ ಲೈಬ್ರರಿ, ಚಿತ್ರ ಬಿಡಿಸೋದಕ್ಕ ಓಪನ್‌ಜಿಎಲ್ ಇಎಸ್ 3, ಸ್ಕ್ರಿಪ್ಟಿಗಿ ಲೂಆ ಅನ್ನೋ ಸಣ್ಣ ಭಾಷಾ. ಕಾಲೇಜು ಪ್ರಾಜೆಕ್ಟಿಗಿ ಅಂತ ಶುರು ಆಗಿದ್ದು ಈಗ ಭಾಳ ಬೆಳದದ. ನೀರು ಮಾತ್ರ ಅದ್ಭುತ ಹರೀತದ, ನೋಡಿದವ್ರೆಲ್ಲಾ ನಿಂತು ನೋಡ್ತಾರ. ಆದ್ರ ಲೆವೆಲ್ ಎಡಿಟರ್ ಅರ್ಧಕ್ಕ ನಿಂತದ. ಕೆಲವು ಫೋನ್‌ನಾಗ ಧ್ವನಿ ತಡವಾಗಿ ಬರ್ತದ. ಕನ್ನಡ ಒತ್ತಕ್ಷರ ಒಡದು ಕಾಣ್ತಾವ.

ತಂಡದಾಗ ಎರಡು ಮಾತು ಎದ್ದಾವ. ಒಬ್ಬ ಎಲ್ಲಾ ಬಿಟ್ಟು ಗೋಡೋ ಅನ್ನೋ ಪುಕ್ಕಟ ಸಿಗೋ ಸಿದ್ಧ ಎಂಜಿನ್ನಿಗಿ ಹೋಗೋಣ ಅಂತಾನ. ಇನ್ನೊಬ್ಬ ಎಂಜಿನ್ನೇ ನಮ್ಮ ಆಸ್ತಿ, ಅದನ್ನ ಬಿಟ್ರ ನಮ್ಮ ಕಡಿ ಏನು ಉಳೀತದ ಅಂತಾನ. ಎಲ್ಲರೂ ಹಗಲು ನೌಕರಿ ಮಾಡಿ ರಾತ್ರಿ ಇದಕ್ಕ ಕೂಡ್ತೀವಿ, ಹೊರಗಿನ ರೊಕ್ಕ ಯಾವುದೂ ಇಲ್ಲ. ಏನು ಮಾಡೋದು?

ತೊಗರಿ_ಕಣಜ (ಕಲಬುರಗಿ)

ಗೋಡೋ. ಆಟ ಜನರ ಕೈಗಿ ಸಿಗಬೇಕಂದ್ರ ಅದೊಂದೇ ಹಾದಿ. ಎಂಜಿನ್ನೂ ಬರದು ಆಟಾನೂ ಬರದು ಎರಡೂ ಮುಗಿಸಿದ ಸಣ್ಣ ತಂಡ ಭಾಳ ಕಡಿಮಿ.

ಎಫ್‌ಪಿಎಸ್_ಗುಲಬರ್ಗಾ

ನಾ ಒಪ್ಪಂಗಿಲ್ಲ. ಹೊರಗಿನವರ ಎಂಜಿನ್ ಹಿಡದ್ರ ಅವರು ಹೇಳಿದಂಗ ಕೇಳಬೇಕು. 2023ರ ಸೆಪ್ಟೆಂಬರ್‌ನಾಗ ಯೂನಿಟಿ ಅನ್ನೋ ಎಂಜಿನ್ ಮಾಡೋ ಕಂಪನಿ ಏನು ಮಾಡ್ತು ನೆನಪದಲಾ? ಇಷ್ಟು ಆದಾಯ, ಇಷ್ಟು ಇನ್‌ಸ್ಟಾಲ್ ದಾಟಿದ ಮ್ಯಾಲೆ ಒಂದೊಂದು ಇನ್‌ಸ್ಟಾಲಿಗೂ ರೊಕ್ಕ ಕೊಡ್ರಿ ಅಂತು. ಗದ್ದಲ ಎದ್ದಿತು, ಮುಂದಿನ ತಿಂಗಳು ಅದರ ಮುಖ್ಯಸ್ಥ ಜಾನ್ ರಿಕ್ಕಿಟಿಯೆಲ್ಲೋ ಹುದ್ದೆ ಬಿಟ್ರು, 2024ರ ಸೆಪ್ಟೆಂಬರ್‌ನಾಗ ಆ ಶುಲ್ಕ ರದ್ದಾಯ್ತು. ನಡುವಿನ ಒಂದು ವರ್ಷ ಅರ್ಧ ಆಟ ಕಟ್ಟಿ ಕುಂತವರು ಏನು ಅನುಭವಿಸಿರಬೇಕು?

ಇನ್ನೂ ಹಳೇದು ಹೇಳ್ತೀನಿ. ಸೂಪರ್ ಮಾರ್ಕೆಟ್ ಕಡಿ ಸೈಬರ್ ಕೆಫೆದಾಗ ನಾವೆಲ್ಲಾ ಆಡಿದ ಜಿಟಿಎ ವೈಸ್ ಸಿಟಿ, 2002ರದ್ದು, ರೆಂಡರ್‌ವೇರ್ ಅನ್ನೋ ಎಂಜಿನ್ ಮ್ಯಾಲೆ ನಿಂತಿತ್ತು. ಕ್ರೈಟೀರಿಯನ್ ಅನ್ನೋರು ಅದನ್ನ ಮಾಡಿ ಎಲ್ಲರಿಗೂ ಲೈಸೆನ್ಸ್ ಮಾರ್ತಿದ್ರು. 2004ರಾಗ ಎಲೆಕ್ಟ್ರಾನಿಕ್ ಆರ್ಟ್ಸ್ ಅನ್ನೋ ಆಟದ ಕಂಪನಿ ಅವರನ್ನೇ ಕೊಂಡುಬಿಡ್ತು. ವೈಸ್ ಸಿಟಿ ತಂದ ರಾಕ್‌ಸ್ಟಾರ್‌ನವರ ಆಟದ ಬುಡಾನೇ ಎದುರಾಳಿ ಕೈಯಾಗ ಹೋಯ್ತು. ಅವರು ತಮ್ಮದೇ ರೇಜ್ ಎಂಜಿನ್ ಕಟ್ಟಿದ್ರು. 2006ರಾಗ ಅದರ ಮ್ಯಾಲೆ ಒಂದು ಟೇಬಲ್ ಟೆನಿಸ್ ಆಟ ತಂದ್ರು, 2008ಕ್ಕ ಜಿಟಿಎ 4, 2013ಕ್ಕ ಜಿಟಿಎ 5, 2018ಕ್ಕ ರೆಡ್ ಡೆಡ್ 2.

ನಿಮ್ಮ ನೀರಿನಂಥದ್ದು ಸಿದ್ಧ ಎಂಜಿನ್‌ನಾಗ ಸಿಗಂಗಿಲ್ಲ. ಫಿನ್ಲೆಂಡ್‌ನವರ ನೋಯ್ಟಾ ನೋಡ್ರಿ, ಪರದೆ ಮ್ಯಾಲಿನ ಒಂದೊಂದು ಪಿಕ್ಸೆಲ್ಲೂ ಮಣ್ಣು, ನೀರು, ಬೆಂಕಿ ಆಗಿ ಲೆಕ್ಕಕ್ಕ ಬರ್ತದ. ಅದಕ್ಕಂತ ಅವರು ಸ್ವಂತ ಎಂಜಿನ್ನೇ ಬರದ್ರು. ಪ್ರಾಗ್‌ನವರ ಫ್ಯಾಕ್ಟೋರಿಯೋನೂ ಹಂಗೇ. ಸಾವಿರಗಟ್ಲೆ ಯಂತ್ರ ಒಮ್ಮಿಗೇ ಓಡ್ತಿದ್ರೂ ಎಲ್ಲಾ ಆಟಗಾರರ ಕಂಪ್ಯೂಟರ್‌ನಾಗ ಲೆಕ್ಕ ಒಂದೇ ಬರ್ಬೇಕಲ್ಲ, ಅದು ಸ್ವಂತ ಸಿ ಪ್ಲಸ್ ಪ್ಲಸ್ ಕೋಡ್ ಇದ್ದದ್ದಕ್ಕೇ ಸಾಧ್ಯ ಆಯ್ತು. ಬಿಡಬ್ಯಾಡ್ರಿ.

ಗ್ರಾಫಿಕ್ಸ್_ಮೇಡಂ (ಕಲಬುರಗಿ)

ಯೂನಿಟಿಯ ಉದಾಹರಣೆ ಗೋಡೋಗೆ ಹೊಂದುವುದಿಲ್ಲ. ಗೋಡೋ ಎಂಐಟಿ ಎಂಬ ಮುಕ್ತ ಲೈಸೆನ್ಸಿನಲ್ಲಿದೆ. ನಾಳೆ ಆ ಯೋಜನೆಯೇ ನಿಂತುಹೋದರೂ ನಿಮ್ಮ ಕೈಯಲ್ಲಿರುವ ಮೂಲಸಂಕೇತವನ್ನು ಯಾರೂ ಕಿತ್ತುಕೊಳ್ಳಲಾರರು. ಅನ್‌ರಿಯಲ್ ಎಂಜಿನ್ನಿನ ಹಾಗೆ 10 ಲಕ್ಷ ಡಾಲರ್ ಗಳಿಕೆ ದಾಟಿದ ಮೇಲೆ ಶೇ. 5 ಕೊಡುವ ಒಪ್ಪಂದವೂ ಇಲ್ಲ.

ಇನ್ನೊಂದು ವಿಷಯ ಹೆಚ್ಚು ಜನರಿಗೆ ಗೊತ್ತಿಲ್ಲ. ಗೋಡೋ ಕೂಡ ಒಂದು ಕಾಲಕ್ಕೆ ಮನೆಯೊಳಗಿನ ಎಂಜಿನ್ನೇ. ಅರ್ಜೆಂಟೀನಾದ ಹ್ವಾನ್ ಲಿನೀಟ್ಸ್ಕಿ ಮತ್ತು ಏರಿಯಲ್ ಮಂಜೂರ್ ತಮ್ಮ ಕೆಲಸಕ್ಕೆಂದು ವರ್ಷಗಟ್ಟಲೆ ಬೆಳೆಸಿಕೊಂಡು ಬಂದದ್ದನ್ನು 2014ರಲ್ಲಿ ಎಲ್ಲರಿಗೂ ತೆರೆದರು. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಹೇಳುತ್ತಲೇ ಇರುತ್ತೇನೆ. ದೊಡ್ಡ ಊರಿನ ದೊಡ್ಡ ಕಂಪನಿಯೇ ಎಂಜಿನ್ ಮಾಡಬೇಕೆಂದಿಲ್ಲ. ಬೀದರ್‌ನಲ್ಲಿ ಕೂತು ನೀವು ಇಷ್ಟು ದೂರ ಬಂದಿದ್ದೀರಿ ಎನ್ನುವುದೇ ನನಗೆ ಬಹಳ ಸಂತೋಷದ ಸಂಗತಿ.

ಒಂದು ಪ್ರಶ್ನೆ. ನಿಮ್ಮಲ್ಲಿ ಎಂಜಿನ್ ಬರೆದವರೆಷ್ಟು ಜನ, ಬಳಸುವವರೆಷ್ಟು ಜನ?

ನೌಬಾದ್_ನೀರು

ಮೇಡಂ, ಬರದವ್ರು ನಾವಿಬ್ರು. ಒಬ್ಬ ಧ್ವನಿ, ಸಂಗೀತ ನೋಡ್ತಾನ. ಚಿತ್ರ, ಲೆವೆಲ್ ಎಲ್ಲಾ ಒಬ್ಬಾಕೀದೇ. ಆಕಿನೇ ಇಲ್ಲಿ ಬರೀತೀನಿ ಅಂದಾಳ.

ಗಾವಾನ್_ಗೋಡೆ (ಬೀದರ್)

ಚಿತ್ರ ಬರಿಯಾಕಿ ನಾನೇ. ಮಹಮೂದ್ ಗಾವಾನ್ ಮದರಸಾದ ಗೋಡಿ ಮ್ಯಾಲಿನ ನೀಲಿ ಹಂಚಿನ ಬಣ್ಣ ಆಟದಾಗ ತರಬೇಕಂತ ಭಾಳ ಕಷ್ಟಪಟ್ಟೀನಿ. 1472ರ ಕಟ್ಟಡ ಅದು, ಅರ್ಧ ಹಂಚು ಉದುರ್ಯಾವ, ಉಳಿದ ಬಣ್ಣ ಇನ್ನೂ ಹೊಳೀತಾವ.

ನನ್ನ ಕೆಲಸ ಹ್ಯಾಂಗ ನಡೀತದ ಕೇಳ್ರಿ. ಒಂದು ಕಂಬ ಎಡಕ್ಕ ಜರುಗಿಸಬೇಕಂದ್ರ ಲೂಆ ಫೈಲ್ ತಗೀಬೇಕು, ಅಂಕಿ ತಿದ್ದಬೇಕು, ಆಟ ಮುಚ್ಚಿ ಮತ್ತ ತಗೀಬೇಕು, ಆ ಜಾಗಕ್ಕ ಹುಡುಗಿನ್ನ ನಡಿಸ್ಕೊಂಡು ಹೋಗಿ ನೋಡಬೇಕು. ಸರಿ ಬರಲಿಲ್ಲ ಅಂದ್ರ ಮೊದಲಿಂದ. ದೀಪದ ಬೆಳಕು ಎಷ್ಟು ದೂರ ಬೀಳಬೇಕು ಅನ್ನೋದು ಸಿ ಪ್ಲಸ್ ಪ್ಲಸ್ ಒಳಗ ಅದ. ಅದನ್ನ ತಿದ್ದಬೇಕಂದ್ರ ಈ ಇಬ್ಬರಾಗ ಒಬ್ಬರು ನೌಕರಿ ಮುಗಿಸಿ ಬರೋ ತನಕ ಕೂಡಬೇಕು. ಬೆಳಕು ನನ್ನ ಕೆಲಸರಿ. ಅದು ನನ್ನ ಕೈಯಾಗೇ ಇಲ್ಲ.

ಎಂಜಿನ್ ಸ್ವಂತದ್ದು ಅಂತ ಇವರಿಬ್ಬರಿಗಿ ಹೆಮ್ಮಿ ಅದ, ಅದು ಇರ್ಬೇಕು ಕೂಡ. ನೀರು ನೋಡಿ ನನಗೂ ಹೆಮ್ಮಿ ಆಗ್ತದ. ಆದ್ರ ನನಗ ಎಂಜಿನ್ ಅಂದ್ರ ಎಡಿಟರ್. ಅದೇ ಇಲ್ಲ ಅಂದ್ರ ಎಂಜಿನ್ ಇನ್ನೂ ಆಗಿಲ್ಲ ಅಂತನೇ ನಾ ತಿಳ್ಕೋತೀನಿ.

ಭೀಮಾತೀರ (ಯಾದಗಿರಿ ಮೂಲ, ಈಗ ಬೆಂಗಳೂರು)

ಈ ಮೇಲಿನ ಮಾತನ್ನು ಎಂಜಿನ್ ಬರೆಯುವವರೆಲ್ಲ ಎರಡು ಸಲ ಓದಬೇಕು. ನಾನು ಸ್ವಂತ ಎಂಜಿನ್ ಇರುವ ಒಂದು ಸ್ಟುಡಿಯೋದಲ್ಲಿ ಟೂಲ್ಸ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಹೊರಗಿನವರು ಎಂಜಿನ್ ಅಂದರೆ ಚಿತ್ರ ಬಿಡಿಸುವ ಭಾಗ ಅಂದುಕೊಳ್ಳುತ್ತಾರೆ. ಅದು ಇಡೀ ಕೋಡಿನಲ್ಲಿ ಸಣ್ಣ ಪಾಲು. ಕಲಾವಿದರು ಕೊಟ್ಟ ಚಿತ್ರವನ್ನು ಫೋನಿಗೆ ಬೇಕಾದ ರೂಪಕ್ಕೆ ಕುಗ್ಗಿಸುವುದು, ಎಡಿಟರ್, ಅದರಲ್ಲಿ ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಸೌಲಭ್ಯ, ಸೇವ್ ಫೈಲ್ ಹಳೆಯದಾದರೂ ತೆರೆಯುವುದು, ಕ್ರ್ಯಾಶ್ ಆದಾಗ ಯಾವ ಸಾಲಿನಲ್ಲಿ ಅಂತ ತಿಳಿಯುವುದು: ದಿನದ ಕೆಲಸವೆಲ್ಲ ಇಲ್ಲೇ. ಎಲೆಕ್ಟ್ರಾನಿಕ್ ಆರ್ಟ್ಸ್‌ನ ಫ್ರಾಸ್ಟ್‌ಬೈಟ್ ಎಂಜಿನ್ ತೆಗೆದುಕೊಳ್ಳಿ. ಡೈಸ್ ಸ್ಟುಡಿಯೋ ಅದನ್ನು ಬ್ಯಾಟಲ್‌ಫೀಲ್ಡ್ ಆಟಗಳಿಗೆಂದು ಕಟ್ಟಿತು, 2008ರಲ್ಲಿ ‘ಬ್ಯಾಡ್ ಕಂಪನಿ’ ಎಂಬ ಆಟದ ಜೊತೆ ಹೊರಬಂತು. ಗುಂಡು ಹಾರಿಸುವ ಆಟಕ್ಕೆ ಅದು ಭವ್ಯ ಎಂಜಿನ್. ಅದರ ಮೇಲೆ ಬಯೋವೇರ್‌ನವರು ಡ್ರ್ಯಾಗನ್ ಏಜ್: ಇನ್ಕ್ವಿಸಿಷನ್ ಮಾಡಲು ಹೋದಾಗ ಸಂಗಡಿಗರ ಗುಂಪು, ಸಾಮಾನಿನ ಚೀಲ, ಪಾತ್ರಾಭಿನಯದ ಆಟಕ್ಕೆ ತಕ್ಕ ಸೇವ್ ವ್ಯವಸ್ಥೆ ಎಲ್ಲವನ್ನೂ ತಾವೇ ಕಟ್ಟಿಕೊಳ್ಳಬೇಕಾಯಿತು. 2014ರಲ್ಲಿ ಆಟವೇನೋ ಬಂತು, ಒಳ್ಳೆಯ ಹೆಸರೂ ಮಾಡಿತು. ಆಮೇಲೆ ಬಂದ ಆಂಡ್ರೊಮಿಡಾ (2017), ಆಂಥಮ್ (2019) ಎರಡಕ್ಕೂ ಅದೇ ತೊಡಕು ಬೆನ್ನು ಬಿಡಲಿಲ್ಲ.

ಮೊದಲ ಆಟದ ಗುರುತು ಎಂಜಿನ್ ಮೇಲೆ ಉಳಿದೇ ಉಳಿಯುತ್ತದೆ. ಕ್ಯಾಪ್ಕಾಮ್‌ನ ಆರ್‌ಇ ಎಂಜಿನ್ 2017ರ ರೆಸಿಡೆಂಟ್ ಈವಿಲ್ 7ಕ್ಕೆಂದು ಹುಟ್ಟಿತು. ಇಕ್ಕಟ್ಟಾದ ಮನೆ, ಕತ್ತಲ ಕೋಣೆಗಳ ಆಟ. ಡೆವಿಲ್ ಮೇ ಕ್ರೈ 5, ಸ್ಟ್ರೀಟ್ ಫೈಟರ್ 6 ಎರಡನ್ನೂ ಅದು ಚೆನ್ನಾಗಿಯೇ ಹೊತ್ತಿತು. ನನ್ನ ದೃಷ್ಟಿಯಲ್ಲಿ ಸ್ವಂತ ಎಂಜಿನ್ ಸಾಕಿದವರಲ್ಲಿ ಅವರೇ ಮೇಲು. ಆದರೆ 2024ರಲ್ಲಿ ಡ್ರ್ಯಾಗನ್ಸ್ ಡಾಗ್ಮಾ 2ರ ದೊಡ್ಡ ಪಟ್ಟಣಕ್ಕೆ ಕಾಲಿಟ್ಟಾಗ ಅಷ್ಟು ಜನರ ಓಡಾಟದ ಲೆಕ್ಕಕ್ಕೆ ಪ್ರೊಸೆಸರ್ ಸುಸ್ತಾಗಿ, ಸೆಕೆಂಡಿಗೆ ಮೂಡುವ ಚಿತ್ರಗಳ (ಫ್ರೇಮ್) ಸಂಖ್ಯೆ ಬಿದ್ದುಹೋಯಿತು.

ಬಿಟ್ಟವರೂ ಇದ್ದಾರೆ. ವಿಚರ್ 3, ಸೈಬರ್‌ಪಂಕ್ ಮಾಡಿದ ಸಿಡಿ ಪ್ರಾಜೆಕ್ಟ್ ರೆಡ್ ತನ್ನ ರೆಡ್‌ಎಂಜಿನ್ ಬಿಟ್ಟು ಅನ್‌ರಿಯಲ್ 5ಕ್ಕೆ ಹೋಗುವುದಾಗಿ 2022ರ ಮಾರ್ಚ್‌ನಲ್ಲಿ ಹೇಳಿತು. ಹೇಲೋ ಆಟ ಮಾಡುವವರು ತಮ್ಮ ಸ್ಲಿಪ್‌ಸ್ಪೇಸ್ ಎಂಜಿನ್ ಬಿಟ್ಟು ಅದೇ ದಾರಿ ಹಿಡಿಯುವುದಾಗಿ 2024ರಲ್ಲಿ ತಿಳಿಸಿದರು. ಇವು ಸಣ್ಣ ಸಂಸ್ಥೆಗಳಲ್ಲ.

ನಮ್ಮ ಬೆಂಗಳೂರಿಗೂ ತಗುಲಿದ ಕಥೆ ಒಂದಿದೆ. 1997ರಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ನಮ್ಮ ದೇಶದ ಗೇಮ್ ಉದ್ಯಮಕ್ಕೆ ಬುನಾದಿ ಹಾಕಿದ ಸಂಸ್ಥೆಗಳಲ್ಲೊಂದು. ಸ್ವೀಡನ್‌ನ ಸ್ಟಾರ್‌ಬ್ರೀಜ್ ಅದನ್ನು ಕೊಂಡಿತ್ತು. ಅದೇ ಸ್ಟಾರ್‌ಬ್ರೀಜ್ 2015ರಲ್ಲಿ ವಲ್ಹಲ್ಲಾ ಎಂಬ ಎಂಜಿನ್‌ಗೆ ದೊಡ್ಡ ಮೊತ್ತ ಸುರಿದು, ಅದರ ಮೇಲೆ ವಾಕಿಂಗ್ ಡೆಡ್ ಆಟ ಕಟ್ಟಲು ಹೊರಟು, ಕೆಲಸ ಸಾಗದೆ ಅರ್ಧದಲ್ಲಿ ಅನ್‌ರಿಯಲ್‌ಗೆ ಹೊರಳಿತು. 2018ರ ಕೊನೆಗೆ ಆಟ ಬಂದಾಗ ಮಾರಾಟ ನೆಲಕಚ್ಚಿತು, ಕಂಪನಿ ಸಾಲದ ಸುಳಿಗೆ ಬಿತ್ತು, 2019ರಲ್ಲಿ ಧ್ರುವವನ್ನು ರಾಕ್‌ಸ್ಟಾರ್‌ಗೆ ಮಾರಿತು. ಸೋಲಿಗೆ ಎಂಜಿನ್ ಒಂದೇ ಕಾರಣವಲ್ಲ. ಆದರೂ ಎಲ್ಲೋ ಸ್ಟಾಕ್‌ಹೋಮ್‌ನಲ್ಲಿ ಎಂಜಿನ್ ಬಗ್ಗೆ ಆದ ತೀರ್ಮಾನದ ಬಿಸಿ ಬೆಂಗಳೂರಿನ ಸ್ಟುಡಿಯೋವರೆಗೂ ಬಂತು.

ಎಫ್‌ಪಿಎಸ್ ಅಣ್ಣ ಹೇಳಿದ ಟೇಬಲ್ ಟೆನಿಸ್ ಆಟವನ್ನು ನಾನು ಬೇರೆ ಥರ ಓದುತ್ತೇನೆ. ರಾಕ್‌ಸ್ಟಾರ್‌ನವರು ಹೊಸ ಎಂಜಿನ್ನಿನ ಮೇಲೆ ಮೊದಲಿಗೇ ಒಂದು ನಗರ ಕಟ್ಟಲು ಹೋಗಲಿಲ್ಲ. ಒಂದು ಮೇಜು, ಇಬ್ಬರು ಆಟಗಾರರು, ಒಂದು ಚೆಂಡು. ಅಷ್ಟನ್ನು ಪೂರ್ತಿ ಮುಗಿಸಿ ಅಂಗಡಿಗೆ ಕಳಿಸಿದರು. ಎಂಜಿನ್ ಇನ್ನೂ ಅರ್ಧ ಇರುವಾಗ ದೊಡ್ಡ ಆಟ ಅದರ ಮೇಲೆ ನಿಂತರೆ, ಏನು ಕೆಟ್ಟರೂ ತಪ್ಪು ಆಟದ್ದೋ ಎಂಜಿನ್ನಿನದ್ದೋ ಎಂದು ಹುಡುಕುವುದರಲ್ಲೇ ದಿನ ಹೋಗುತ್ತದೆ.

ನೌಬಾದ್ ತಮ್ಮ, ನಿಮ್ಮ ಆಟದಲ್ಲಿ ಬೇರೆ ಯಾರೂ ಕೊಡಲಾರದ್ದು ನೀರು ಮಾತ್ರ. ಧ್ವನಿ, ಎಡಿಟರ್, ಅಕ್ಷರ, ಟಚ್ ಎಲ್ಲವೂ ಬೇರೆಯವರು ಆಗಲೇ ಬರೆದು, ಲಕ್ಷಾಂತರ ಫೋನ್‌ಗಳಲ್ಲಿ ಓಡಿಸಿ ನೋಡಿದವು. ನೀರನ್ನು ಉಳಿಸಿಕೊಳ್ಳಿ. ಮಿಕ್ಕಿದ್ದನ್ನು ಬಿಡಿ.

ಎಫ್‌ಪಿಎಸ್_ಗುಲಬರ್ಗಾ

ಭೀಮಾ ಅಣ್ಣ, ಹಂಗಾದ್ರ ಐಡಿ ಸಾಫ್ಟ್‌ವೇರ್? 1993ರ ಡೂಮ್‌ನಿಂದ ಇವತ್ತಿನ ತನಕ ಅವರು ತಮ್ಮದೇ ಎಂಜಿನ್ ಮ್ಯಾಲೆ ನಿಂತಾರ. ಡೂಮ್ ಎಟರ್ನಲ್ ಓಡೋದು ನೋಡಿದ್ರ ಕಣ್ಣು ತುಂಬ್ತದ, ಸಾಧಾರಣ ಕಂಪ್ಯೂಟರ್‌ನಾಗೂ 60 ಫ್ರೇಮ್.

ಭೀಮಾತೀರ

ನಿಜ. ಅವರು ಒಂದೇ ಜಾತಿಯ ಆಟವನ್ನು ಮೂವತ್ತು ವರ್ಷದಿಂದ ಮಾಡುತ್ತಿದ್ದಾರೆ, ಎಂಜಿನ್ನಿಗೆಂದೇ ನುರಿತ ತಂಡ ಇಟ್ಟಿದ್ದಾರೆ. ಡೂಮ್‌ನ ಮೂಲಸಂಕೇತವನ್ನು 1997ರಲ್ಲಿ, ತಮ್ಮ ಇನ್ನೊಂದು ಆಟ ಕ್ವೇಕ್‌ನದ್ದನ್ನು 1999ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟದ್ದು ಅವರ ದೊಡ್ಡ ಗುಣ. ನಾನು ಈ ಕೆಲಸ ಕಲಿತದ್ದೇ ಕ್ವೇಕ್ ಕೋಡ್ ಓದಿ. ಆದರೆ ಇಲ್ಲಿ ಇಬ್ಬರು, ಅದೂ ರಾತ್ರಿ ಹೊತ್ತು.

ಇನ್ನೊಂದು, ಪ್ಲೇ ಸ್ಟೋರ್. ಎಂಜಿನ್ ಒಮ್ಮೆ ಬರೆದರೆ ಮುಗಿಯಿತು ಅಂತಲ್ಲ. 2019ರಲ್ಲಿ 64 ಬಿಟ್ ಕಡ್ಡಾಯವಾಯಿತು. 2021ರಲ್ಲಿ ಹೊಸ ಆಪ್‌ಗಳಿಗೆ ಎಪಿಕೆ ಎಂಬ ಇನ್‌ಸ್ಟಾಲ್ ಫೈಲಿನ ಬದಲು ಆಪ್ ಬಂಡಲ್ ಎಂಬ ರೂಪ ಬಂತು. ಆಂಡ್ರಾಯ್ಡ್ 15 ಮತ್ತು ಅದರ ಮುಂದಿನ ಆವೃತ್ತಿಗೆಂದು ಕಟ್ಟಿದ ಆಪ್‌ಗಳು 16 ಕೆಬಿ ಮೆಮೊರಿ ಪುಟಕ್ಕೆ ಹೊಂದಿರಬೇಕು ಅನ್ನುವುದು 2025ರ ನವೆಂಬರ್‌ನಿಂದ. ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಒಂದೊಂದು ಲೈಬ್ರರಿಯನ್ನೂ ಮತ್ತೆ ಕಟ್ಟಬೇಕು, ಮತ್ತೆ ಪರೀಕ್ಷಿಸಬೇಕು. ನೀವು ಆಟ ಬಿಟ್ಟು ಎರಡು ವರ್ಷ ಸುಮ್ಮನಿದ್ದರೂ ಈ ಕೆಲಸ ಬರುತ್ತಲೇ ಇರುತ್ತದೆ.

ಮೊಬೈಲ್_ಅಂಗಡಿ (ಶಹಾಪುರ)

ನಾ ಎಂಜಿನ್ ಬರಿಯಾಂವಲ್ಲ, ಫೋನ್ ರಿಪೇರಿ ಮಾಡಾಂವ. ಆದ್ರ ಆಟ ಆಡೋದು ಯಾವ ಫೋನ್‌ನಾಗ ಅಂತ ಇಲ್ಲಿ ಯಾರೂ ಮಾತಾಡವಲ್ರು.

ನಮ್ಮ ಕಡಿ ಹಳ್ಳಿ ಹುಡುಗ್ರ ಕೈಯಾಗ ಇನ್ನೂ 2 ಜಿಬಿ, 3 ಜಿಬಿ ರ‍್ಯಾಮ್ ಫೋನ್ ಭಾಳ ಅದಾವ. 32 ಜಿಬಿ ಸ್ಟೋರೇಜ್, ಅದೂ ವಾಟ್ಸಾಪ್ ವಿಡಿಯೋದಿಂದ ತುಂಬಿರ್ತದ. ಆಟ ಇನ್‌ಸ್ಟಾಲ್ ಆಗಬೇಕಂದ್ರ ಏನಾದ್ರೂ ಅಳಿಸಬೇಕು. ಮೊದಲು ಅಳಸೋದು ದೊಡ್ಡ ಆಪ್. ಅದಕ್ಕ ಗೋಡೋ ಆಗಲಿ, ನಿಮ್ಮದೇ ಆಗಲಿ, ಸೈಜ್ ಸಣ್ಣದಿರಲಿ.

ಎರಡನೇದು ಬಿಸಿಲು. ಏಪ್ರಿಲ್, ಮೇದಾಗ ನಮ್ಮ ಕಡಿ 42, 43 ಡಿಗ್ರಿ. ಫೋನ್ ಕೈಯಾಗ ಹಿಡಿದ್ರೇನೇ ಬಿಸಿ. ಆಟ ಶುರು ಮಾಡಿದ ಕೂಡಲೇ ನೋಡಿ ಛಲೋ ಓಡ್ತದ ಅನ್ನಬ್ಯಾಡ್ರಿ. ಹತ್ತಿಪ್ಪತ್ತು ನಿಮಿಷ ಆಡಿದ ಮ್ಯಾಲೆ ಚಿಪ್ ಕಾಯ್ದು ತಾನೇ ವೇಗ ಇಳಿಸ್ತದ, ಖರೇ ಸ್ಪೀಡು ಆವಾಗ ಗೊತ್ತಾಗ್ತದ. ಸೆಕೆಂಡಿಗಿ 60 ಫ್ರೇಮ್ ಅಂದ್ರ ಒಂದು ಫ್ರೇಮಿಗಿ 16 ಮಿಲಿಸೆಕೆಂಡ್ ಚಿಲ್ಲರ, 30 ಅಂದ್ರ 33. ಇಂಥ ಆಟಕ್ಕ 30 ಸಾಕು, ಬ್ಯಾಟರಿನೂ ಉಳೀತದ.

ಮೂರನೇದು, ಚಿತ್ರ ಬರಿಯೋ ತಂಗಿಗಿ. ಸುರಂಗದ ಆಟ ಅಂತೀರಿ, ಕತ್ತಲ ಇರ್ತದ. ಕಡಿಮಿ ರೇಟಿನ ಎಲ್‌ಸಿಡಿ ಪರದೆ ಹೊರಗ ಬೆಳಕಿನಾಗ ಹಿಡಿದ್ರ ಕತ್ತಲ ಜಾಗ ಏನೇನೂ ಕಾಣಂಗಿಲ್ಲ. ಹುಡುಗ್ರು ಆಡೋದು ಕಟ್ಟಿ ಮ್ಯಾಲೆ, ಬಸ್‌ಸ್ಟ್ಯಾಂಡ್‌ನಾಗ. ಬೆಳಕು ಹೆಚ್ಚು ಮಾಡೋ ಸೆಟ್ಟಿಂಗ್ ಒಂದು ಇಡ್ರಿ ತಂಗಿ.

ಗಾವಾನ್_ಗೋಡೆ

ಅಣ್ಣಾ, ಇದು ನಮಗ ಯಾರೂ ಹೇಳಿದ್ದಿಲ್ಲ. ಬರಕೊಂಡೀನಿ.

ಒತ್ತಕ್ಷರ (ಕಲಬುರಗಿ)

ಕನ್ನಡ ಒಡೆದು ಕಾಣುವ ಬಗ್ಗೆ ಹೇಳುತ್ತೇನೆ, ಇದು ನನ್ನ ಕ್ಷೇತ್ರ. ಬಹುತೇಕ ಸಣ್ಣ ಎಂಜಿನ್ನುಗಳು ಇಂಗ್ಲಿಷ್ ತಲೆಯಲ್ಲಿಟ್ಟುಕೊಂಡು ಒಂದು ಯೂನಿಕೋಡ್ ಸಂಕೇತಕ್ಕೆ ಒಂದು ಚಿತ್ರ ಅಂತ ಲೆಕ್ಕ ಹಾಕುತ್ತವೆ. ಅಕ್ಷರಗಳನ್ನೆಲ್ಲ ಒಂದು ಟೆಕ್ಸ್ಚರಿನಲ್ಲಿ, ಅಂದರೆ ಚಿತ್ರದ ಹಾಳೆಯಲ್ಲಿ, ಜೋಡಿಸಿ, ಸಂಕೇತ ನೋಡಿ ಚಿತ್ರ ತೆಗೆದು ಸಾಲಾಗಿ ಅಂಟಿಸುತ್ತವೆ. ಕನ್ನಡಕ್ಕೆ ಅದು ನಡೆಯದು. ‘ಸ್ತ್ರೀ’ ಬರೆಯಲು ಆರು ಸಂಕೇತ ಬೇಕು, ಕಣ್ಣಿಗೆ ಕಾಣುವುದು ಒಂದೇ ಅಕ್ಷರ. ‘ಕರ್ನಾಟಕ’ದಲ್ಲಿ ರಕಾರ ಮೊದಲು ಟೈಪಾದರೂ ಅರ್ಕಾವತ್ತು ಕೂರುವುದು ‘ನಾ’ ಆದ ಮೇಲೆ. ಯಾವುದು ಎಲ್ಲಿ ಕೂರಬೇಕು, ಯಾವುದು ಯಾವುದರೊಳಗೆ ಸೇರಬೇಕು ಅನ್ನುವ ನಿಯಮಗಳು ಫಾಂಟಿನೊಳಗೇ ಇರುತ್ತವೆ. ಅವನ್ನು ಓದಿ ಜೋಡಿಸುವ ತಂತ್ರಾಂಶ ಬೇಕು. ಅದೇ ಹಾರ್ಫ್‌ಬಝ್. ನಿಮ್ಮ ಆಂಡ್ರಾಯ್ಡ್ ಫೋನು, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಎಲ್ಲದರಲ್ಲೂ ಕನ್ನಡ ಸರಿಯಾಗಿ ಕಾಣುವುದು ಅದರಿಂದ.

ಸ್ವಂತ ಎಂಜಿನ್ನೇ ಇಟ್ಟುಕೊಳ್ಳುವುದಾದರೆ ಹಾರ್ಫ್‌ಬಝ್ ಮತ್ತು ಫಾಂಟಿನಿಂದ ಅಕ್ಷರದ ಚಿತ್ರ ತೆಗೆಯುವ ಫ್ರೀಟೈಪ್ ಎರಡನ್ನೂ ಸೇರಿಸಿ, ಟೆಕ್ಸ್ಚರಿನ ಸೂಚಿಯನ್ನು ಯೂನಿಕೋಡ್ ಸಂಕೇತದ ಬದಲು ಫಾಂಟಿನ ಗ್ಲಿಫ್ (ಅದರೊಳಗಿನ ಒಂದೊಂದು ಅಕ್ಷರಚಿತ್ರ) ಸಂಖ್ಯೆಯ ಮೇಲೆ ಕಟ್ಟಿ. ಗೋಡೋಗೆ ಹೋಗುವುದಾದರೆ 4ನೇ ಆವೃತ್ತಿಯೇ ಆಗಬೇಕು. 3ರಲ್ಲಿ ಈ ಜೋಡಣೆ ಇರಲಿಲ್ಲ. 2023ರ ಮಾರ್ಚ್‌ನಲ್ಲಿ ಬಂದ 4.0ರಿಂದ ಹಾರ್ಫ್‌ಬಝ್ ಒಳಗೇ ಇದೆ. ಫಾಂಟಿಗೆ ನೋಟೋ ಸಾನ್ಸ್ ಕನ್ನಡ ಅಥವಾ ಲೋಹಿತ್ ಕನ್ನಡ, ಎರಡೂ ಮುಕ್ತ ಲೈಸೆನ್ಸಿನವು, ಆಟದ ಜೊತೆಗೇ ಹಂಚಬಹುದು.

ದಯವಿಟ್ಟು ಕನ್ನಡವನ್ನು ಚಿತ್ರವಾಗಿ ಅಂಟಿಸಿ ಕೈತೊಳೆದುಕೊಳ್ಳಬೇಡಿ. ಹಾಗೆ ಮಾಡಿದ ಆಟಗಳಲ್ಲಿ ಒಂದು ಕಾಗುಣಿತ ತಿದ್ದಬೇಕೆಂದರೂ ಕಲಾವಿದರ ಹತ್ತಿರ ಹೋಗಬೇಕು, ಕೊನೆಗೆ ಯಾರೂ ತಿದ್ದುವುದೇ ಇಲ್ಲ.

ತೊಗರಿ_ಕಣಜ

ಇಷ್ಟು ಆದ ಮ್ಯಾಲೂ ಎಡಿಟರ್, ಧ್ವನಿ, ಅಕ್ಷರ ಎಲ್ಲಾ ನಾವೇ ಬರೀತೀವಿ ಅಂದ್ರ ಆ ಹೆಣ್ಮಗಳು ಇನ್ನೂ ಎಷ್ಟು ದಿನ ಕಂಬ ಜರುಗಿಸ್ಕೋತ ಕೂಡಬೇಕು?

ನೌಬಾದ್_ನೀರು

ಎಲ್ಲರಿಗೂ ಭಾಳ ಉಪಕಾರ ಆಯ್ತು. ನಾವು ನಾಲ್ವರೂ ಕುಂತು ಎಲ್ಲಾ ಓದಿದ್ವಿ. ಭೀಮಾ ಅಣ್ಣ, ನೀರು ಉಳಿಸ್ಕೊಂಡು ಉಳಿದದ್ದು ಬಿಡೋದು ಹ್ಯಾಂಗ? ನಮ್ಮ ನೀರಿನ ಕೋಡ್ ಈಗ ರೆಂಡರಿಂಗ್, ಅಂದ್ರ ಚಿತ್ರ ಬಿಡಿಸೋ ಕೋಡ್ ಜೋಡಿ ಕಲಸಿ ಹೋಗ್ಯದ. ಖಾನೆಗಳ ಗ್ರಿಡ್ 1024 ಅಡ್ಡ, 512 ಉದ್ದ. ಒಂದೊಂದು ಖಾನೆಗೂ ನೀರಿನ ಮಟ್ಟ ಒಂದು ಬೈಟ್, ಮಣ್ಣಿನ ಜಾತಿ ಒಂದು ಬೈಟ್.

ಭೀಮಾತೀರ

ಅಂದರೆ 5 ಲಕ್ಷ 24 ಸಾವಿರ ಚಿಲ್ಲರೆ ಖಾನೆ, ಎಲ್ಲ ಸೇರಿ 1 ಎಂಬಿ. ಮೆಮೊರಿಯ ಚಿಂತೆ ಇಲ್ಲ.

ಮೊದಲು ನೀರನ್ನು ಬೇರೆ ಲೈಬ್ರರಿ ಮಾಡಿ. ಅದರೊಳಗೆ ಎಸ್‌ಡಿಎಲ್ ಆಗಲಿ ಓಪನ್‌ಜಿಎಲ್ ಆಗಲಿ ಒಂದು ಸಾಲೂ ಇರಬಾರದು. ಒಳಕ್ಕೆ ಹೋಗುವುದು ‘ಇಲ್ಲಿ ಅಗೆ’, ‘ಇಲ್ಲಿ ಕಟ್ಟು’ ಎನ್ನುವ ಆದೇಶ. ಹೊರಕ್ಕೆ ಬರುವುದು ಬೈಟ್‌ಗಳ ಒಂದು ಸಾಲು. ಫ್ರೇಮ್ ಎಷ್ಟೇ ಇರಲಿ, ನೀರಿನ ಹೆಜ್ಜೆ (ಹರಿವನ್ನು ಒಮ್ಮೆ ಲೆಕ್ಕ ಹಾಕುವುದು) ಸೆಕೆಂಡಿಗೆ 30 ಅಂತ ಸ್ಥಿರವಾಗಿರಲಿ. ಇಲ್ಲದಿದ್ದರೆ ಶಹಾಪುರದ ಅಣ್ಣ ಹೇಳಿದ ಹಾಗೆ ಫೋನ್ ಕಾದು ನಿಧಾನವಾದಾಗ ನೀರು ಹರಿಯುವ ರೀತಿಯೇ ಬದಲಾಗುತ್ತದೆ, ಒಂದು ಫೋನಿನಲ್ಲಿ ಗೆಲ್ಲುವ ಲೆವೆಲ್ ಇನ್ನೊಂದರಲ್ಲಿ ಗೆಲ್ಲಲಾಗದು.

ಲೆಕ್ಕವೆಲ್ಲ ಪೂರ್ಣಾಂಕದಲ್ಲೇ ಇರಲಿ. ಆಗ ಲ್ಯಾಪ್‌ಟಾಪ್ ಮತ್ತು ಫೋನ್ ಎರಡರಲ್ಲೂ ಉತ್ತರ ಅಕ್ಷರಶಃ ಒಂದೇ ಬರುತ್ತದೆ. ಒಂದು ಪರೀಕ್ಷೆ ಖಾಯಂ ಇಟ್ಟುಕೊಳ್ಳಿ: ಹೆಜ್ಜೆಗೆ ಮುಂಚಿನ ಒಟ್ಟು ನೀರು, ಹೆಜ್ಜೆಯಾದ ಮೇಲಿನ ಒಟ್ಟು ನೀರು ಮತ್ತು ಹೊರಹೋದ ನೀರಿನ ಮೊತ್ತ, ಎರಡೂ ಸರಿಹೊಂದಬೇಕು. ಒಂದು ಅಂಕಿ ಹೆಚ್ಚುಕಡಿಮೆಯಾದರೂ ಬಿಲ್ಡ್ ನಿಲ್ಲಿಸಿ ಹುಡುಕಿ.

ಪ್ರತಿ ಹೆಜ್ಜೆಗೂ ಎಲ್ಲ ಖಾನೆ ನೋಡಬೇಡಿ. ನೋಯ್ಟಾದವರು ಲೋಕವನ್ನು 64×64 ತುಂಡು ಮಾಡಿ, ಯಾವ ತುಂಡಿನಲ್ಲಿ ಚಲನೆ ಇದೆಯೋ ಅದರ ಚಲಿಸಿದ ಭಾಗವನ್ನಷ್ಟೇ ಲೆಕ್ಕ ಹಾಕುತ್ತಾರೆ. ನಿಮ್ಮ ಸುರಂಗದಲ್ಲಿ ಹೆಚ್ಚಿನ ಭಾಗ ಬಂಡೆಯೇ ತಾನೆ, ಲಾಭ ಬಹಳ.

ಆಮೇಲೆ ಹೊರಗಿನ ಕೋಡ್ ಸೇರಿಸಲು ಗೋಡೋದಲ್ಲಿರುವ ಜಿಡಿಎಕ್ಸ್‌ಟೆನ್ಷನ್ ಮೂಲಕ ಈ ಲೈಬ್ರರಿಯನ್ನು ಸೇರಿಸಿ. ಇಲ್ಲಿ ಎಚ್ಚರ: ಗೋಡೋದ ಸ್ಕ್ರಿಪ್ಟ್ ಭಾಷೆಯಾದ ಜಿಡಿಸ್ಕ್ರಿಪ್ಟ್‌ನಿಂದ ಖಾನೆಗೊಂದು ಕರೆ ಮಾಡಿದರೆ ಎಲ್ಲ ವೇಗವೂ ಅಲ್ಲೇ ಸೋರಿಹೋಗುತ್ತದೆ. ಇಡೀ ಬೈಟ್ ಸಾಲನ್ನು ಒಂದೇ ಸಲಕ್ಕೆ ಕೊಟ್ಟು, ಇಮೇಜ್ ಮಾಡಿ, ಟೆಕ್ಸ್ಚರ್ ನವೀಕರಿಸಿ. ಬಣ್ಣ, ಅಲೆ, ಹೊಳಪು ಶೇಡರ್‌ನಲ್ಲಿ, ಅಂದರೆ ಗ್ರಾಫಿಕ್ಸ್ ಚಿಪ್‌ನಲ್ಲಿ ಓಡುವ ಸಣ್ಣ ಕೋಡಿನಲ್ಲಿ. ಆ ಶೇಡರ್ ಗಾವಾನ್ ಅವರ ಕೈಯಲ್ಲಿರಲಿ. ಹಳೆಯ ಫೋನ್‌ಗಳಿಗೆ ಕಂಪ್ಯಾಟಿಬಿಲಿಟಿ ರೆಂಡರರ್ ಆರಿಸಿ, ಅದು ನೀವು ಈಗ ಬಳಸುತ್ತಿರುವ ಓಪನ್‌ಜಿಎಲ್ ಇಎಸ್ 3ರ ಮೇಲೆಯೇ ಓಡುತ್ತದೆ. ಬೇಡದ ಮಾಡ್ಯೂಲ್ ತೆಗೆದು ಎಕ್ಸ್‌ಪೋರ್ಟ್ ಟೆಂಪ್ಲೇಟ್ (ಆಟದ ಜೊತೆ ಹೋಗುವ ಎಂಜಿನ್ ಭಾಗ) ನೀವೇ ಕಟ್ಟಿಕೊಂಡರೆ ಸೈಜೂ ಇಳಿಯುತ್ತದೆ.

ಎಫ್‌ಪಿಎಸ್_ಗುಲಬರ್ಗಾ

ಈ ಹಾದಿಗಿ ನನ್ನ ವಿರೋಧ ಇಲ್ಲ. ನೀರು ಇವರದ್ದೇ ಉಳೀತದಲ್ಲ, ನನಗ ಬೇಕಾಗಿದ್ದು ಅಷ್ಟೇ. ಆದ್ರ ಒಂದು ಕೇಳ್ತೀನಿ. ಗೋಡೋ 3ರಿಂದ 4ಕ್ಕ ಬರುವಾಗ ಎಷ್ಟೋ ಮಂದಿ ಯೋಜನೆ ಮುರಿದು ಹೋಯ್ತು. ಮುಂದ ಮತ್ತ ಹಂಗಾದ್ರ?

ಗ್ರಾಫಿಕ್ಸ್_ಮೇಡಂ

ಒಂದು ಆವೃತ್ತಿ ಹಿಡಿದು ಆಟ ಮುಗಿಯುವ ತನಕ ಅದರಲ್ಲೇ ಇರಬೇಕು. ಅದರ ಮೂಲಸಂಕೇತವನ್ನು ನಿಮ್ಮ ರೆಪಾಸಿಟರಿಯಲ್ಲೇ ಇಟ್ಟುಕೊಳ್ಳಿ. ನೀವು ಎಂಜಿನ್ ಬರೆದವರು, ಅದರೊಳಗೆ ಏನಾದರೂ ಕೆಟ್ಟರೆ ತೆರೆದು ಓದಬಲ್ಲಿರಿ. ಈವರೆಗೆ ನೀವು ಕಲಿತದ್ದು ಇಲ್ಲಿ ಪೂರ್ತಿ ಕೆಲಸಕ್ಕೆ ಬರುತ್ತದೆ. ಕಲಬುರಗಿಯಲ್ಲಿ ಗೋಡೋ ಬಲ್ಲ ಹುಡುಗ ಹುಡುಗಿಯರು ನನ್ನ ತರಗತಿಯಲ್ಲೇ ಇದ್ದಾರೆ, ನಿಮ್ಮ ಎಂಜಿನ್ ಬಲ್ಲವರು ನಿಮ್ಮಿಬ್ಬರ ಹೊರತು ಎಲ್ಲೂ ಇಲ್ಲ. ನೆರವು ಬೇಕಾದಾಗ ಇದು ಲೆಕ್ಕಕ್ಕೆ ಬರುತ್ತದೆ.

ಮತ್ತೆ, ಹಳೆಯ ಎಂಜಿನ್ನಿನ ಕೋಡನ್ನು ಮುಕ್ತ ಲೈಸೆನ್ಸಿನಲ್ಲಿ ಹೊರಗಿಡುತ್ತೀರಾ? ಕನ್ನಡದ ವಿದ್ಯಾರ್ಥಿಗಳು ಓದುವಷ್ಟು ಚಿಕ್ಕ ಎಂಜಿನ್, ಕನ್ನಡದಲ್ಲೇ ಟಿಪ್ಪಣಿ ಇರುವಂಥದ್ದು, ನನಗೆ ಪಾಠಕ್ಕೆ ಬೇಕು.

ನೌಬಾದ್_ನೀರು

ಇಡ್ತೀವಿ ಮೇಡಂ. ಟಿಪ್ಪಣಿ ಕನ್ನಡದಾಗೇ ಬರೀತೀವಿ.

ನಾವು ಹಿಂಗ ಮಾಡ್ತೀವಿ: ನೀರು ಬಿಡಿಸಿ ಲೈಬ್ರರಿ ಮಾಡೋ ಕೆಲಸ ನಮ್ಮಿಬ್ಬರದು. ಅದು ಆದ ಮ್ಯಾಲೆ ಒಂದೇ ಒಂದು ಲೆವೆಲ್, ಎರಡನೇ ಬಾವಿಯಿಂದ ಮೂರನೇ ಬಾವಿ ತನಕ, ಗೋಡೋದಾಗ ಚಿತ್ರ ಬರಿಯಾಕಿ ಒಬ್ಬಾಕಿನೇ ಕಟ್ಟಬೇಕು. ಆಕಿ ನಮ್ಮನ್ನ ಏನೂ ಕೇಳದೇ ಅದನ್ನ ಮುಗಿಸಿದ್ರ ಪೂರ್ತಿ ಗೋಡೋಗಿ ಹೋಗ್ತೀವಿ.

ಗಾವಾನ್_ಗೋಡೆ

ಒಪ್ಪಿಗಿ. ಒತ್ತಕ್ಷರ ಸರ್, ನನಗೊಂದು ಬೇಕು. ಆಟದಾಗ ಅಜ್ಜಿ ಮಾತಾಡುವಾಗ ಮಾತು ಒಂದೊಂದೇ ಅಕ್ಷರ ಮೂಡಿ ಬರ್ಬೇಕು. ಈಗ ನಮ್ಮ ಎಂಜಿನ್‌ನಾಗ ‘ಅಕ್ಕ’ ಅನ್ನೋದು ಮೊದಲು ‘ಅಕ’ ಆಗ್ತದ, ಆಮ್ಯಾಲೆ ‘ಅಕ್’ ಆಗ್ತದ, ಆಮ್ಯಾಲೆ ‘ಅಕ್ಕ’. ಓದುವಾಗ ಕಣ್ಣಿಗಿ ಭಾಳ ಕಿರಿಕಿರಿ.

ಒತ್ತಕ್ಷರ

ಸಂಕೇತ ಎಣಿಸಿ ತೋರಿಸುವುದರಿಂದ ಹಾಗಾಗುತ್ತದೆ. ಮೊದಲು ಇಡೀ ಸಾಲನ್ನು ಜೋಡಿಸಿ, ಆಮೇಲೆ ಮುಚ್ಚಿಟ್ಟು ಒಂದೊಂದಾಗಿ ತೆರೆಯಬೇಕು. ಗೋಡೋ 4ರ ಲೇಬಲ್‌ನಲ್ಲಿ ಕಾಣುವ ಅಕ್ಷರಗಳನ್ನು ಜೋಡಣೆಗೆ ಮುಂಚೆ ಎಣಿಸಬೇಕೋ ನಂತರವೋ ಎಂಬ ಆಯ್ಕೆ ಇದೆ, ‘ನಂತರ’ ಆರಿಸಿ. ಅದರ ಮೇಲೆ ನಿಮ್ಮದೊಂದು ಸಣ್ಣ ನಿಯಮವೂ ಇರಲಿ: ಹಲಂತ ಬಂದಲ್ಲಿ ನಿಲ್ಲದೆ, ಮುಂದಿನ ವ್ಯಂಜನ ಮತ್ತು ಅದರ ಸ್ವರಚಿಹ್ನೆ ಮುಗಿಯುವ ತನಕ ಒಟ್ಟಿಗೇ ತೆರೆಯಬೇಕು. ‘ಕರ್’ ಥರ ಹಲಂತದಲ್ಲೇ ಪದ ಮುಗಿದರೆ ಅಲ್ಲಿಗೇ ನಿಲ್ಲಲಿ. ಪರೀಕ್ಷೆಗೆ ‘ಸ್ತ್ರೀ’, ‘ಕರ್ನಾಟಕ’, ‘ಜ್ಯೋತ್ಸ್ನಾ’, ‘ಲಕ್ಷ್ಮಿ’ ನಾಲ್ಕೂ ಹಾಕಿ ನೋಡಿ. ನಾಲ್ಕೂ ಸರಿ ಬಂದರೆ ಬಹುಪಾಲು ಎಲ್ಲ ಬರುತ್ತದೆ.

ಮೊಬೈಲ್_ಅಂಗಡಿ (ಶಹಾಪುರ)

ಆ ಒಂದು ಲೆವೆಲ್ ಆದ ಕೂಡ್ಲೇ ಎಪಿಕೆ ನನಗ ಕಳಸ್ರಿ. ಮಾಲಿ ಗ್ರಾಫಿಕ್ಸ್ ಚಿಪ್ಪಿಂದು, ಅಡ್ರಿನೋ ಚಿಪ್ಪಿಂದು, ಪವರ್‌ವಿಆರ್ ಚಿಪ್ಪಿಂದು, ಹಳೇ ಫೋನ್ ಮೂರೂ ಜಾತಿವು ಅಂಗಡ್ಯಾಗ ಅದಾವ. ಪರದೆ ಮೂಲ್ಯಾಗ ಫ್ರೇಮ್ ಎಣಿಕಿನೂ, ನೀರಿನ ಒಂದು ಹೆಜ್ಜಿಗಿ ಎಷ್ಟು ಮಿಲಿಸೆಕೆಂಡ್ ಹಿಡೀತು ಅನ್ನೋದೂ ಎರಡೂ ಕಾಣುವಂಗ ಇಡ್ರಿ. ಮಧ್ಯಾಹ್ನ ಎರಡಕ್ಕ ಫ್ಯಾನ್ ಬಂದ್ ಮಾಡಿ ಅರ್ಧ ತಾಸು ಆಡಿಸಿ ವಿಡಿಯೋ ಹಾಕ್ತೀನಿ.